ಹಳೇ ತಾಮ್ರದ ನಾಣ್ಯ ಕೂಡಿಟ್ಟರೆ ಲಕ್ಷಗಟ್ಟಲೆ ಹಣ ಸಿಗುತ್ತದೆಯೇ?

‘ನಿಮ್ಮ ಬಳಿ ಈ ಹಳೇ ನಾಣ್ಯ ಇದೆಯೇ? ಹಾಗಿದ್ದರೆ ನೀವು ಲಕ್ಷಾಧಿಪತಿ!’ ಎನ್ನುವ ವಿಡಿಯೊಗಳು ಮೊಬೈಲಿಗೆ ಬರುತ್ತಲೇ ಇರುತ್ತವೆ. ಕುಷ್ಟಗಿ ತಾಲ್ಲೂಕಿನ ಹನುಮಸಾಗರದಂಥ ಊರುಗಳಲ್ಲಿ ಇದು ಬರೀ ಕುತೂಹಲದ ಮಾತಲ್ಲ. ಈ ಕಡೆಯ ಹಳೇ ಮನೆಗಳಲ್ಲಿ ದೇವರ ಜಗುಲಿಯ ಡಬ್ಬಿಯಲ್ಲೋ ಅಜ್ಜಿಯ ಟ್ರಂಕಿನ ತಳದಲ್ಲೋ ಹಿಡಿಯಷ್ಟು ತಾಮ್ರದ ದುಡ್ಡು ಸಿಗುವುದುಂಟು. ಮುಂದೆ ಬೆಲೆ ಬಂದೀತೆಂದು ಗುಜರಿಯವರಿಂದ ಕೊಂಡು ಕೂಡಿಡುವವರೂ ಇದ್ದಾರೆ. ಇದರಲ್ಲಿ ಲಾಭ ಇದೆಯೇ? ರಾಶಿ ಹಾಕುವುದರಲ್ಲಿ ಇಲ್ಲ. ಆರಿಸಿ ಇಟ್ಟರೆ ಸ್ವಲ್ಪ ಇದೆ.

ಡಬ್ಬಿಯಲ್ಲಿ ಇರುವುದೇನು?

1948ರವರೆಗೆ ಕುಷ್ಟಗಿ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆ ಸಂಸ್ಥಾನಕ್ಕೆ ‘ಹಾಲಿ ಸಿಕ್ಕಾ’ ಎಂಬ ತನ್ನದೇ ನಾಣ್ಯವಿತ್ತು. ಸುಮಾರು ಏಳು ಹಾಲಿ ರೂಪಾಯಿಗೆ ಬ್ರಿಟಿಷರ ಆರು ರೂಪಾಯಿ ಸಮ. ಪಕ್ಕದ ಇಳಕಲ್ ಆಗ ಮುಂಬಯಿ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿ ಬ್ರಿಟಿಷರ ನಾಣ್ಯ ನಡೆಯುತ್ತಿತ್ತು. ಹೀಗಾಗಿ ಇಲ್ಲಿನ ಡಬ್ಬಿಗಳಲ್ಲಿ ಎರಡೂ ಸರಕಾರಗಳ ನಾಣ್ಯ ಬೆರೆತಿದ್ದರೆ ಆಶ್ಚರ್ಯವಿಲ್ಲ.

ನಿಜಾಮರ ಎರಡು ಪೈ ನಾಣ್ಯದ ಮೇಲೆ ಬಳ್ಳಿಯಂತೆ ಹೆಣೆದ ಅರಬಿ ಅಕ್ಷರಗಳ ಮುದ್ರೆ ಇರುತ್ತದೆ. ವರ್ಷವೂ ಅರಬಿ ಅಂಕಿಯಲ್ಲೇ. ಎಡವುವುದು ಇಲ್ಲೇ. ಯಾರೋ ಓದಿ ‘1338’ ಎಂದರೆ ಮನೆಯವರು ‘ಏಳುನೂರು ವರ್ಷದ ನಾಣ್ಯ, ವಿಜಯನಗರ ಹುಟ್ಟಿದ ಕಾಲದ್ದು!’ ಎಂದು ಹಿಗ್ಗುತ್ತಾರೆ. ಆದರೆ ಅದು ಹಿಜರಿ ವರ್ಷ. ನಮ್ಮ ಲೆಕ್ಕದಲ್ಲಿ 1919-20. ಮಿರ್ ಉಸ್ಮಾನ್ ಅಲಿ ಖಾನರ ಕಾಲದ, ಹೇರಳವಾಗಿ ಉಳಿದಿರುವ ನಾಣ್ಯವದು.

ಬ್ರಿಟಿಷರ ಕಡೆಯಿಂದ ಹೆಚ್ಚಾಗಿ ಸಿಗುವುದು ಕಾಲಾಣೆ. 1835ರ ಈಸ್ಟ್ ಇಂಡಿಯಾ ಕಂಪನಿಯ ಕಾಲಾಣೆ ಸುಮಾರು 6.5 ಗ್ರಾಂ ತೂಗುವ ತಾಮ್ರದ ಬಿಲ್ಲೆ. 1906ರಿಂದ ಅದು ಕಂಚಿನದಾಗಿ, ತೂಕ ಐದು ಗ್ರಾಮಿಗೂ ಕಡಿಮೆಯಾಯಿತು. ಎರಡನೇ ಮಹಾಯುದ್ಧದಲ್ಲಿ ಲೋಹ ಉಳಿಸಲು 1943ರಿಂದ ನಡುವೆ ತೂತಿರುವ ಪೈಸೆ ಬಂತು. ಅದರ ತೂಕ ಎರಡೇ ಗ್ರಾಂ.

ಲೋಹದ ಲೆಕ್ಕ

ತಾಮ್ರ ದುಬಾರಿಯಾಗುತ್ತಿದೆ, ಆದ್ದರಿಂದ ಕೂಡಿಡಬೇಕು ಎನ್ನುವವರ ವಾದ ನೋಡೋಣ. ಒಂದು ಕಿಲೋಗೆ 1835ರ ಕಾಲಾಣೆಗಳು ಸುಮಾರು 154 ಬರುತ್ತವೆ. ಗುಜರಿ ತಾಮ್ರ ಕಿಲೋಗೆ 800 ರೂಪಾಯಿ ಎಂದಿಟ್ಟುಕೊಂಡರೂ ಒಂದು ನಾಣ್ಯದ ಲೋಹಕ್ಕೆ ಐದು ರೂಪಾಯಿ ಚಿಲ್ಲರೆ.

ಅಮೆರಿಕದಲ್ಲಿ 1982ಕ್ಕೆ ಮುಂಚಿನ ಒಂದು ಸೆಂಟಿನ ನಾಣ್ಯಗಳನ್ನು (95 ಭಾಗ ತಾಮ್ರ) ಮೂಟೆಗಟ್ಟಲೆ ಕೂಡಿಡುವ ಹವ್ಯಾಸವಿದೆ. ಅಲ್ಲಿ ಅವನ್ನು ಮುಖಬೆಲೆಗೇ ಪಡೆಯಬಹುದು, ಬೆಲೆ ಏರದಿದ್ದರೆ ಅದೇ ಬೆಲೆಗೆ ಖರ್ಚೂ ಮಾಡಬಹುದು. ಆದರೂ ಕರಗಿಸುವಂತಿಲ್ಲ, 2006ರಲ್ಲೇ ನಿಷೇಧ ಬಂದಿದೆ. ನಮ್ಮ ಕಾಲಾಣೆಗೆ ಆ ಭದ್ರತೆಯೂ ಇಲ್ಲ. ಅದು ಚಲಾವಣೆಯಲ್ಲಿಲ್ಲ, ಮಾರುವವರು ಲೋಹದ ಬೆಲೆಗಿಂತ ಹೆಚ್ಚೇ ಕೇಳುತ್ತಾರೆ.

ಹಳೆಯದೆಲ್ಲ ಅಪರೂಪವಲ್ಲ

ಬೆಲೆ ತರುವುದು ವಯಸ್ಸಲ್ಲ. ಎಷ್ಟು ಉಳಿದಿವೆ, ಎಷ್ಟು ಜನ ಹುಡುಕುತ್ತಿದ್ದಾರೆ, ಸ್ಥಿತಿ ಹೇಗಿದೆ, ಇವು ಬೆಲೆ ತರುತ್ತವೆ. ಸಾವಿರದ ಆರುನೂರು ವರ್ಷ ಹಳೆಯ ರೋಮನ್ ನಾಣ್ಯಗಳೇ ವಿದೇಶದಲ್ಲಿ ಅಗ್ಗಕ್ಕೆ ಸಿಗುತ್ತವೆ. ಕಾಲಾಣೆಗಳನ್ನು ಕೋಟಿಗಟ್ಟಲೆ ಅಚ್ಚು ಹಾಕಿದ್ದರು. ಸವೆದವು ಇವತ್ತೂ ಸಾಮಾನ್ಯವಾಗಿ ನೂರು ರೂಪಾಯಿಯೊಳಗೇ ಸಿಗುತ್ತವೆ. ರಾಣಿಯ ಕಿರೀಟದ ಗೆರೆ, ಕೂದಲ ಎಳೆ ಸ್ಪಷ್ಟವಾಗಿ ಉಳಿದಿರುವ ನಾಣ್ಯಕ್ಕೆ ಮಾತ್ರ ಸಂಗ್ರಾಹಕರು ಹೆಚ್ಚು ಕೊಡುತ್ತಾರೆ. ನೂರು ಸವೆದ ನಾಣ್ಯಕ್ಕಿಂತ ಇಂಥದ್ದೊಂದು ಲೇಸು ಎಂಬುದು ನಮ್ಮ ಅಭಿಪ್ರಾಯ.

ಆದ್ದರಿಂದ ದಯವಿಟ್ಟು ಹುಣಸೆಹಣ್ಣು, ಲಿಂಬೆ, ಬೂದಿ ಹಚ್ಚಿ ತಿಕ್ಕಬೇಡಿ. ದೀಪಾವಳಿಯ ಲಕ್ಷ್ಮೀಪೂಜೆಗೆ ಹೊಳೆಯಿಸಿದ ನಾಣ್ಯ ಚೆಂದ ಕಾಣುತ್ತದೆ, ನಿಜ. ಆದರೆ ದಶಕಗಳಿಂದ ಕೂತ ಕಂದುಬಣ್ಣದ ಪದರ ಹೋದರೆ ಬೆಲೆಯೂ ಹೋಗುತ್ತದೆ, ಆ ಪದರ ಮತ್ತೆ ಬರುವುದಿಲ್ಲ. ಮೆತ್ತನೆಯ ಪಿವಿಸಿ ಹಾಳೆಯಲ್ಲೂ ಇಡಬೇಡಿ. ಕಾಲಕ್ರಮೇಣ ಅಂಟಂಟಾದ ಹಸಿರು ಕಿಲುಬು ಹಿಡಿಯುತ್ತದೆ. ಒಣಗಿದ ಕಾಗದದ ಲಕೋಟೆ ಸಾಕು.

ಹನುಮಂತನ ನಾಣ್ಯ, ಅಕ್ಕಿ ಎಳೆಯುವ ನಾಣ್ಯ

ಒಂದು ಬದಿಯಲ್ಲಿ ಹನುಮಂತ ಅಥವಾ ರಾಮ ಪಟ್ಟಾಭಿಷೇಕ, ಇನ್ನೊಂದು ಬದಿಯಲ್ಲಿ ‘ಈಸ್ಟ್ ಇಂಡಿಯಾ ಕಂಪನಿ, 1818, ಒಂದಾಣೆ’ ಎಂದಿರುವ ನಾಣ್ಯ ನೋಡಿರಬಹುದು. ಇದು ನಾಣ್ಯವೇ ಅಲ್ಲ. ಈಚೆಗೆ ತಯಾರಾದ ಬಿಲ್ಲೆ. ಬ್ರಿಟಿಷ್ ಇಂಡಿಯಾದ ಒಂದಾಣೆ ನಾಣ್ಯ ಚಲಾವಣೆಗೆ ಬಂದದ್ದೇ 1907ರಲ್ಲಿ, ಅದೂ ತಾಮ್ರ-ನಿಕ್ಕಲ್ ಮಿಶ್ರಲೋಹದಲ್ಲಿ. ಭಕ್ತಿಯಿಂದ ಪೂಜೆಗಿಡುವುದಾದರೆ ಇಡಿ, ಸಾವಿರಾರು ಕೊಟ್ಟು ಕೊಳ್ಳಬೇಡಿ.

ಇದಕ್ಕಿಂತ ಅಪಾಯಕಾರಿ ‘ರೈಸ್ ಪುಲ್ಲಿಂಗ್’. ಸಿಡಿಲು ಬಡಿದ ತಾಮ್ರದಲ್ಲಿ ಇರಿಡಿಯಂ ಇದೆ, ಅದು ಅಕ್ಕಿಯನ್ನು ಸೆಳೆಯುತ್ತದೆ, ಕೋಟಿಗೆ ಮಾರಬಹುದು ಎಂದು ನಂಬಿಸುತ್ತಾರೆ. ತಾಮ್ರ ಅಕ್ಕಿಯನ್ನೂ ಸೆಳೆಯದು, ಕಬ್ಬಿಣವನ್ನೂ ಸೆಳೆಯದು. ಅಕ್ಕಿಗೆ ಕಬ್ಬಿಣದ ಪುಡಿ ಸವರಿ, ಅಯಸ್ಕಾಂತ ಅಡಗಿಸಿ ತೋರಿಸುವ ಆಟ ಅದು. ‘ಪರೀಕ್ಷೆಗೆ’ ಎಂದು ಮುಂಗಡ ಪಡೆದವರು ಆಮೇಲೆ ಸಿಗುವುದಿಲ್ಲ.

ಆನ್‌ಲೈನ್ ವಂಚನೆಯೂ ಇದೇ ಜಾಡಿನದು. ನಿಮ್ಮ ನಾಣ್ಯದ ಫೋಟೊ ನೋಡಿ ಲಕ್ಷಗಳ ಬೆಲೆ ಹೇಳುತ್ತಾರೆ, ನಂತರ ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಕೇಳುತ್ತಾ ಹೋಗುತ್ತಾರೆ. ರಿಸರ್ವ್ ಬ್ಯಾಂಕಿನ ಹೆಸರನ್ನೂ ಬಳಸುತ್ತಾರೆ. ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ನಿಜವಾಗಿ ಕೊಳ್ಳುವವರು ನಿಮಗೆ ಹಣ ಕೊಡುತ್ತಾರೆ, ನಿಮ್ಮಿಂದ ಕೇಳುವುದಿಲ್ಲ. ಬೆಲೆ ತಿಳಿಯಬೇಕೆಂದರೆ ಮಾರುವವರು ಕೇಳಿದ ಬೆಲೆ ನೋಡಬೇಡಿ. ನಾಣ್ಯ ಹರಾಜುಗಳಲ್ಲಿ ನಿಜಕ್ಕೂ ಮಾರಾಟವಾದ ಬೆಲೆ ನೋಡಿ.

ಕಾನೂನಿನ ಎರಡು ಮಾತು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತು; ಖಾಸಗಿಯವರು ಅದನ್ನು ವಿದೇಶಕ್ಕೆ ಕಳಿಸುವಂತಿಲ್ಲ, ವ್ಯಾಪಾರಕ್ಕೆ ಪರವಾನಗಿ ಬೇಕು. ಇನ್ನು ಹೊಲ ಉಳುವಾಗಲೋ ಪಾಯ ತೋಡುವಾಗಲೋ ಹೂತಿಟ್ಟ ನಾಣ್ಯ ಸಿಕ್ಕರೆ ಅದು ನಿಧಿ, ಜಿಲ್ಲಾಧಿಕಾರಿಗೆ ತಿಳಿಸಬೇಕು. ಆನೆಗೊಂದಿಯೂ ಇದೇ ಜಿಲ್ಲೆಯಲ್ಲಿದೆಯಲ್ಲ, ಈ ಮಣ್ಣಿನಲ್ಲಿ ಅಂಥದ್ದು ಸಿಕ್ಕರೆ ಅಚ್ಚರಿಯಿಲ್ಲ. ವಿಜಯನಗರದ ನಾಣ್ಯ ಹೇಗಿರುತ್ತವೆಂದು ಕಣ್ಣಾರೆ ನೋಡಬೇಕಿದ್ದರೆ ಹಂಪಿ ಪಕ್ಕದ ಕಮಲಾಪುರದ ವಸ್ತುಸಂಗ್ರಹಾಲಯಕ್ಕೆ ಹೋಗಬಹುದು.