ಕೆಡದೆಯೂ ಕೆಟ್ಟಂತೆ ಕಂಡ ಕಡತಗಳು

 2010ರ ಜೂನ್ ತಿಂಗಳಲ್ಲಿ ಕೊಯಮತ್ತೂರಿನಲ್ಲಿ ವಿಶ್ವ ಶಾಸ್ತ್ರೀಯ ತಮಿಳು ಸಮ್ಮೇಳನ ನಡೆದಾಗ, ಗಣಕದಲ್ಲಿ ತಮಿಳನ್ನು ಬರೆದಿಡಲು ಯೂನಿಕೋಡ್ ಮತ್ತು ಟೇಸ್-16 ಎಂಬ ಎರಡು ಸಂಕೇತಕ್ರಮಗಳನ್ನು ತಮಿಳುನಾಡು ಸರ್ಕಾರ ಅಧಿಕೃತಗೊಳಿಸಿತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂಬ ಒಪ್ಪಂದವೇ ಸಂಕೇತಕ್ರಮ. ಗಣಕವು ಕಡತದಲ್ಲಿ ಕೂಡಿಡುವುದು ಅಕ್ಷರದ ರೂಪವನ್ನಲ್ಲ, ಆ ಸಂಖ್ಯೆಯನ್ನು. ಇಳಿಸಿಕೊಂಡ ಕಡತ ಕೆಲಕಾಲದ ಮೇಲೆ ಓದಲಾಗದಂತಾದಾಗ ‘ಫೈಲ್ ಕರಪ್ಟ್ ಆಗಿದೆ’ ಎಂದು ಕೈಚೆಲ್ಲುವವರು ಎಷ್ಟೋ ಸಂದರ್ಭಗಳಲ್ಲಿ ನೋಡುತ್ತಿದ್ದುದು ಕೆಟ್ಟ ಕಡತವನ್ನಲ್ಲ, ಮುರಿದ ಒಪ್ಪಂದವನ್ನು.

ದೇವಾಂಗ ನೇಕಾರರಂಥ ಕನ್ನಡ ಮನೆಮಾತಿನವರೂ ನೆಲೆಸಿರುವ ಕೊಯಮತ್ತೂರು ಸೀಮೆಯಲ್ಲಿ ಕನ್ನಡದ ಅನುಭವವನ್ನೂ ಜೊತೆಗಿಟ್ಟು ನೋಡುವುದು ಉಚಿತ. ಭಾರತೀಯ ಮಾನಕವಾದ ಇಸ್ಕಿಯಲ್ಲಿಯೂ ಯೂನಿಕೋಡಿನಲ್ಲಿಯೂ 1991ರಲ್ಲೇ ಕನ್ನಡಕ್ಕೆ ಸ್ಥಾನವಿದ್ದರೂ, ಒತ್ತಕ್ಷರಗಳನ್ನು ಜೋಡಿಸಿ ತೋರಿಸುವ ಸಾಮರ್ಥ್ಯ ಮನೆ–ಕಚೇರಿಗಳ ಗಣಕಗಳಿಗೆ ಇನ್ನೂ ಬಂದಿರಲಿಲ್ಲ. ಆದ್ದರಿಂದ 1998ರಲ್ಲಿ ಬಂದ ಬರಹ, ಅನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ ಮೊದಲಾದ ತಂತ್ರಾಂಶಗಳ ಅಂದಿನ ಫಾಂಟುಗಳು, ರೋಮನ್ ಅಕ್ಷರಗಳಿಗೆ ಮೀಸಲಾಗಿದ್ದ 256 ಮನೆಗಳಲ್ಲಿ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದವು. ಕನ್ನಡವು ಗಣಕದ ಮೇಲೆ ವ್ಯಾಪಕ ಬಳಕೆಗೆ ಬಂದದ್ದು ಈ ಜಾಣ್ಮೆಯಿಂದ. ಅದನ್ನು ಇಂದು ಹಗುರವಾಗಿ ಕಾಣುವುದು ಅನ್ಯಾಯ. ಆದರೆ ಆ ಫಾಂಟು ಇಲ್ಲದ ಗಣಕದಲ್ಲಿ ಅದೇ ಕಡತ ತಲೆಬುಡವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತಿತ್ತು. ಫಾಂಟನ್ನು ಮತ್ತೆ ಅಳವಡಿಸಿದರೆ ಪಠ್ಯ ಇದ್ದಂತೆಯೇ ಮರಳುತ್ತಿತ್ತು. ಗಾಬರಿಯಿಂದ ಬೇರೊಂದು ಸಂಕೇತಕ್ರಮದಲ್ಲಿ ಉಳಿಸಿದರೆ ಮಾತ್ರ, ಹೊಸ ಕ್ರಮದಲ್ಲಿ ಮನೆ ಸಿಗದ ಚಿಹ್ನೆಗಳ ಜಾಗಕ್ಕೆ ಪ್ರಶ್ನಾರ್ಥಕ ಚಿಹ್ನೆ ಬಂದು ಕುಳಿತು, ಪಠ್ಯ ಶಾಶ್ವತವಾಗಿ ಅಳಿಯುತ್ತಿತ್ತು.

ನಿಜವಾದ ಹಾನಿಯೂ ಇತ್ತು. ಒಂದೊಂದು ಸಂಖ್ಯೆಯ ಎಂಟು ಬಿಟ್‌ಗಳಲ್ಲಿ, ಅಂದರೆ ಸೊನ್ನೆ–ಒಂದರ ಅಂಕಿಗಳಲ್ಲಿ, ಏಳನ್ನಷ್ಟೇ ಸಾಗಿಸುತ್ತಿದ್ದ ಹಳೆಯ ಇ-ಅಂಚೆ ವ್ಯವಸ್ಥೆಗಳು ಎಂಟನೆಯ ಬಿಟ್ಟನ್ನು ಕಿತ್ತುಹಾಕಿದಾಗ, 128ರಿಂದಾಚೆಯ ಮನೆಗಳಲ್ಲಿದ್ದ ಅಕ್ಷರತುಂಡುಗಳೆಲ್ಲ ಬೇರೆ ತುಂಡುಗಳಾಗಿ ಬದಲಾಗುತ್ತಿದ್ದವು. ಯಾವುದು ಮೂಲದಲ್ಲಿ 256 ಮನೆಗಳ ಯಾವ ಅರ್ಧಕ್ಕೆ ಸೇರಿತ್ತೆಂದು ತಿಳಿಯುವ ದಾರಿಯೇ ಇರಲಿಲ್ಲ. ಎಫ್‌ಟಿಪಿ ಎಂಬ ಸಾಗಣೆ ವಿಧಾನದಲ್ಲಿ ಚಿತ್ರವನ್ನೋ ಜಿಪ್ ಕಡತವನ್ನೋ ಪಠ್ಯವೆಂದು ಸಾರಿ ತರಿಸಿಕೊಂಡರೆ, ಸಾಲಿನ ಕೊನೆಯ ಗುರುತುಗಳನ್ನು ಅದು ತಾನಾಗಿ ತಿದ್ದಿ ಕಡತವನ್ನು ಹಾಳುಗೆಡವುತ್ತಿತ್ತು. ಇಂಥವನ್ನು ಪತ್ತೆ ಹಚ್ಚಲು ಬಳಕೆಗೆ ಬಂದದ್ದು ತಾಳೆಸಂಖ್ಯೆ, ಅಂದರೆ ಕಡತದ ಎಲ್ಲ ಸಂಖ್ಯೆಗಳಿಂದ ಲೆಕ್ಕಹಾಕಿ ತೆಗೆದ ಒಂದು ಚಿಕ್ಕ ಗುರುತು. ರೊನಾಲ್ಡ್ ರಿವೆಸ್ಟ್ ರೂಪಿಸಿ 1992ರಲ್ಲಿ ಪ್ರಕಟವಾದ ಎಂಡಿ5 ಈ ಕೆಲಸಕ್ಕೆ ಬಹುಕಾಲ ಬಳಕೆಯಲ್ಲಿತ್ತು. ಮೂಲದ ತಾಳೆಸಂಖ್ಯೆಯೂ ಇಳಿಸಿಕೊಂಡ ಪ್ರತಿಯದೂ ಒಂದೇ ಆಗಿದ್ದರೆ ದೋಷವನ್ನು ಹುಡುಕಬೇಕಾದದ್ದು ಕಡತದಲ್ಲಲ್ಲ, ಅದನ್ನು ತೆರೆಯುವ ತಂತ್ರಾಂಶದಲ್ಲಿ.

ವಿಂಡೋಸ್ ಎಕ್ಸ್‌ಪಿಯ ಜೊತೆ 2001ರಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟು ಬಂದಮೇಲೆ ಹಳೆಯ ಕಡತಗಳನ್ನು ಹೊಸ ಕ್ರಮಕ್ಕೆ ಪರಿವರ್ತಿಸುವ ಕೆಲಸ ಮೊದಲಾಗಿ, ಅದರಿಂದಲೇ ಇನ್ನೊಂದು ಬಗೆಯ ಕೆಡುಕು ಹುಟ್ಟಿತು. ‘ಧರ್ಮ’ ಎಂಬ ಪದದಲ್ಲಿ ಅರ್ಕಾವತ್ತು ಕಣ್ಣಿಗೆ ಕಾಣುವುದು ಮಕಾರದ ಬಲಕ್ಕೆ. ಹಳೆಯ ಫಾಂಟುಗಳು ಕಂಡಂತೆಯೇ ಅದನ್ನು ಮಕಾರದ ಅನಂತರ ಇಟ್ಟರೆ, ಯೂನಿಕೋಡ್ ಉಚ್ಚಾರದ ಕ್ರಮ ಹಿಡಿದು ರಕಾರವನ್ನು ಮೊದಲು ಇಡುತ್ತದೆ. ತಮಿಳಿನಲ್ಲಿ ಎಕಾರದ ಕೊಂಬು ವ್ಯಂಜನದ ಎಡಕ್ಕೆ ಕಾಣುವುದರಿಂದ ಅಲ್ಲಿಯೂ ಇದೇ ತೊಡಕು. ಈ ಹಿಂದುಮುಂದನ್ನು ಗಮನಿಸದ ಪರಿವರ್ತಕಗಳು ತಿದ್ದಿಕೊಟ್ಟ ಪಠ್ಯ ಮೇಲ್ನೋಟಕ್ಕೆ ಸರಿಯಾಗಿದ್ದು, ಇಂಥ ಚಿಹ್ನೆಗಳಿರುವಲ್ಲೆಲ್ಲ ತಪ್ಪಾಗಿರುತ್ತಿತ್ತು. ಒಂದೊಂದು ತಮಿಳಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಟೇಸ್-16 ಈ ತೊಡಕನ್ನು ದಾಟಿತಾದರೂ, ಯೂನಿಕೋಡಿನ ಖಾಸಗಿ ಬಳಕೆಯ ವಲಯದಲ್ಲಿ ನೆಲೆನಿಂತದ್ದರಿಂದ, ತಕ್ಕ ಫಾಂಟು ಇಲ್ಲದ ಗಣಕದಲ್ಲಿ ಆ ಪಠ್ಯ ಇಂದಿಗೂ ಖಾಲಿ ಚೌಕಗಳಾಗಿಯೇ ತೆರೆದುಕೊಳ್ಳುತ್ತದೆ.