ಚಕ್ಕಡಿಯ ಕಡೆಗೀಲು, ಬಾರ್ಬೆಲ್ಲಿನ ಕಾಲರ್

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಭಾರ ಎತ್ತುವ ಸಾಧನೆ ಗರಡಿಮನೆಯಷ್ಟೇ ಹಳೆಯದು. ಆದರೆ ಸಂಗ್ರಾಣಿ ಕಲ್ಲಿಗೆ ಕಾಲರ್ ಬೇಕಿರಲಿಲ್ಲ; ಭಾರವೆಲ್ಲ ಒಂದೇ ಶಿಲೆಯಲ್ಲಿತ್ತು. ಯುರೋಪಿನಲ್ಲಿಯೂ 19ನೆಯ ಶತಮಾನದ ಅನೇಕ ಬಾರ್ಬೆಲ್ಲುಗಳ ತುದಿಗೆ ಗುಂಡುಗಳು ಖಾಯಮ್ಮಾಗಿ ಕೂಡಿರುತ್ತಿದ್ದವು. ತೂಕ ಬದಲಿಸಲು ಬಿಡಿ ಬಿಲ್ಲೆಗಳು ಬಂದವು. ಅವು ಜಾರದಂತೆ ತಡೆಯಲು ಕಾಲರ್ ಅಗತ್ಯವಾಯಿತು.

ಈ ತತ್ತ್ವ ನಮಗೆ ಹೊಸತಲ್ಲ. ಎಲ್ಲಮ್ಮನ ಜಾತ್ರೆಗೆ ಹೊರಟ ಚಕ್ಕಡಿಯ ಗಾಲಿಯನ್ನು ಅಚ್ಚಿನಲ್ಲಿ ಹಿಡಿದಿಟ್ಟದ್ದು ಪುಟ್ಟ ಕಡೆಗೀಲು. ವಚನಕಾರರೂ ಅದನ್ನು ದೃಷ್ಟಾಂತವಾಗಿ ಬಳಸಿದ್ದಾರೆ.

ಸ್ಪರ್ಧೆಯಲ್ಲಿ ಪುರುಷರ ಬಾರ್ 20 ಕಿಲೋ, ಒಂದೊಂದು ಕಾಲರ್ 2.5 ಕಿಲೋ. 2018ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದ ಕುಂದಾಪುರ ಸೀಮೆಯ ಗುರುರಾಜ ಪೂಜಾರಿಯವರು ಜರ್ಕಿನಲ್ಲಿ ಎತ್ತಿದ 138 ಕಿಲೋದಲ್ಲಿ 5 ಕಿಲೋ ಕಾಲರುಗಳದೇ!

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮಕ್ಕಳು ಮನೆಯಲ್ಲಿ ವ್ಯಾಯಾಮ ಮಾಡುವುದಾದರೆ ಮೊದಲು ಸರಳಿನ ದಪ್ಪ ಅಳೆಯಿರಿ. ಒಲಿಂಪಿಕ್ ಬಾರಿನ ತುದಿ ಸುಮಾರು 50 ಮಿ.ಮೀ., ಸಾಮಾನ್ಯ ಬಾರಿನದು 25ರಿಂದ 28. ಸ್ಪ್ರಿಂಗ್ ಕಾಲರ್ ಹಾಕಲು ಸುಲಭ, ಹಳೆಯದಾದಂತೆ ಸಡಿಲಾಗುತ್ತದೆ. ತಲೆಯ ಮೇಲೆ ಎತ್ತುವ ಡಂಬೆಲ್ಲಿಗೆ ತಿರುಪಿನ ಕಾಲರೇ ಲೇಸು. ಬಾರ್ಬೆಲ್ಲಿನ ಒಂದು ಬದಿಯ ಬಿಲ್ಲೆ ಜಾರಿದರೆ ಇನ್ನೊಂದು ಬದಿಯ ಭಾರವು ಸರಳನ್ನೇ ಮಗುಚಿಬಿಡುತ್ತದೆ. ಪ್ರತಿ ಸಲ ಎತ್ತುವ ಮುನ್ನ ಎರಡೂ ಬದಿ ಮುಟ್ಟಿ ನೋಡಲು ಅವರಿಗೆ ಕಲಿಸಿರಿ.