ಕಂದೀಸ: ಒಂದು ಅನುಸ್ವಾರದ ಚರಿತ್ರೆ

ದಿಲ್ಲಿಯ ಇಂಡಿಯನ್ ಓಶನ್ ಬ್ಯಾಂಡ್ 2000ದಲ್ಲಿ ಹೊರತಂದ ಆಲ್ಬಮ್ಮಿನ ಹೆಸರು ‘ಕಂದೀಸ’. ರಾಕ್ ಗಿಟಾರಿನ ಜೊತೆಗೆ ನೆಲದ ಹಾಡುಗಳನ್ನು ಬೆಸೆದ ಸಂಗೀತ ಅದು. ಬೇಸ್ ಗಿಟಾರ್ ನುಡಿಸಿ ಹಾಡುವ ರಾಹುಲ್ ರಾಮ್ ಮೈಸೂರು ಮೂಲದ ಸಸ್ಯವಿಜ್ಞಾನಿ ಎಚ್.ವೈ. ಮೋಹನ ರಾಮ್ ಅವರ ಮಗ. ಕಾರಂತರನ್ನು ಇಂಗ್ಲಿಷಿಗೆ ತಂದ ಎಚ್.ವೈ. ಶಾರದಾಪ್ರಸಾದರು ಅವರ ದೊಡ್ಡಪ್ಪ. ರಾಹುಲ್ ನರ್ಮದಾ ಚಳವಳಿಯಲ್ಲಿ ದುಡಿದವರು. ಆಲ್ಬಮ್ಮಿನ ‘ಮಾ ರೇವಾ’ ಆ ನದಿಯ ಹಾಡು. ಅದು ಹಿಂದಿ ಬಲ್ಲವರಿಗೆ ದಕ್ಕುತ್ತದೆ. ಶೀರ್ಷಿಕೆಯ ಹಾಡು ಹಾಗಲ್ಲ.

ಅದು ಕೇರಳದ ನಸ್ರಾಣಿ ಕ್ರೈಸ್ತರ ಪ್ರಾರ್ಥನೆ. ಭಾಷೆ ಸಿರಿಯಾಕ್, ಅಂದರೆ ಯೇಸು ಆಡಿದ ಅರಮಾಯಿಕ್‌ನ ಒಂದು ಕವಲು. ದೇವರನ್ನು ಪವಿತ್ರ, ಬಲಶಾಲಿ, ಅಮರ ಎಂದು ಕರೆದು ಕರುಣೆ ಬೇಡುವುದಷ್ಟೇ ಅದರ ಸಾರ. ಗ್ರಂಥಗಳ ಸಿರಿಯಾಕ್‌ನಲ್ಲಿ ‘ಪವಿತ್ರ’ ಎಂಬುದಕ್ಕೆ ‘ಕದ್ದೀಶಾ’ ಎನ್ನುತ್ತಾರೆ. ನಮಗೆ ಪರಿಚಿತವಾದ ಅಬ್ದುಲ್ ಕುದ್ದೂಸ್ ಎಂಬ ಹೆಸರಿನಲ್ಲಿರುವುದೂ ಇದೇ ಧಾತು. ಕೇರಳದ ಬಾಯಲ್ಲಿ ಒತ್ತಕ್ಷರ ಸಡಿಲಗೊಂಡು ಅನುಸ್ವಾರ ಬಂತು: ಕಂದೀಸ. ಸಬ್ಬತ್ ಎಂಬ ಹೀಬ್ರೂ ಪದ ಜರ್ಮನ್ನಿನಲ್ಲಿ ‘ಸಾಮ್‌ಸ್ಟಾಗ್’, ಫ್ರೆಂಚಿನಲ್ಲಿ ‘ಸಾಮ್ದಿ’ ಆದದ್ದೂ ಇಂಥದೇ ದಾರಿಯಲ್ಲಿ.

ಸಿರಿಯಾಕ್ ಇಲ್ಲಿಗೆ ಬಂದದ್ದು ಪರ್ಷಿಯಾದ ಚರ್ಚಿನ ನಂಟಿನಿಂದ. ಆ ನಂಟಿನ ಗುರುತು ಚೆನ್ನೈಯಲ್ಲೂ ಇದೆ. ಶೋಳಿಂಗನಲ್ಲೂರಿನ ಐಟಿ ಕಚೇರಿಗಳಿಂದ ಬಹಳ ದೂರವಿಲ್ಲದ ಸೇಂಟ್ ಥಾಮಸ್ ಮೌಂಟ್‌ನಲ್ಲಿ, ಪೋರ್ಚುಗೀಸರ ಕಾಲದಲ್ಲಿ, 1547ರಲ್ಲಿ, ಒಂದು ಕಲ್ಲಿನ ಶಿಲುಬೆ ಸಿಕ್ಕಿತು. ಅದರ ಸುತ್ತಲಿನ ಬರಹ ಪಹ್ಲವಿಯಲ್ಲಿದೆ.

1599ರಲ್ಲಿ ಗೋವೆಯ ಆರ್ಚ್‌ಬಿಷಪ್ ಮೆನೆಜೆಸ್ ಉದಯಂಪೇರೂರಿನಲ್ಲಿ ಸಭೆ ಕರೆದ. ಅಲ್ಲಿ ಅನೇಕ ಸಿರಿಯಾಕ್ ಗ್ರಂಥಗಳಿಗೆ ನಿಷೇಧ ಬಿತ್ತು. ತಿದ್ದಬೇಕು, ಇಲ್ಲವೇ ಸುಡಬೇಕು ಎಂದಾಯಿತು. 1653ರಲ್ಲಿ ಮಟ್ಟಾಂಚೇರಿಯಲ್ಲಿ ನಸ್ರಾಣಿಗಳು ಜೆಸ್ಯೂಟರ ಅಧಿಕಾರದ ವಿರುದ್ಧ ಆಣೆಯಿಟ್ಟರು. ಸಮುದಾಯ ಒಡೆಯಿತು. ಆದರೆ ಒಡೆದ ಎರಡೂ ಹೋಳುಗಳಲ್ಲಿ ಸಿರಿಯಾಕ್ ಉಳಿಯಿತು.

ಸಿರೋ ಮಲಬಾರ್ ಚರ್ಚಿನ ಪೂಜೆಯಿಂದ ಅದು ಹಿಂದೆ ಸರಿದದ್ದು 1962ರ ಜುಲೈ 3ರಿಂದ, ಯಾರ ದಬ್ಬಾಳಿಕೆಯೂ ಇಲ್ಲದೆ. ಅಂದಿನಿಂದ ಕುರ್ಬಾನ ಮಲಯಾಳಂಗೆ ಬಂತು. ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ತಾನು ಏನು ಬೇಡುತ್ತಿದ್ದೇನೆ ಎಂಬುದು ಬೇಡುವವನಿಗೆ ತಿಳಿಯಬೇಕು; ವಚನಕಾರರ ನಾಡಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೂ ಶತಮಾನಗಳ ಕಾಲ ಕಿವಿಯಿಂದ ಕಿವಿಗೆ ಬಂದ ರಾಗಗಳು ಒಂದು ತಲೆಮಾರಿನಲ್ಲಿ ತೆಳುವಾದವು. ಉಳಿದದ್ದು ಬಿಡಿಬಿಡಿ ಪದಗಳು: ಕುರ್ಬಾನ, ಮಾಮೋದೀಸ, ಪೆಸಹಾ. ಜೊತೆಗೆ ಕೆಲವು ಹಾಡುಗಳು.

ಅಂಥ ಒಂದು ಹಾಡನ್ನು ದಿಲ್ಲಿಯ ಬ್ಯಾಂಡ್ ಎತ್ತಿಕೊಂಡಿತು. ಚರ್ಚು ಅರ್ಥವನ್ನು ಉಳಿಸಿಕೊಳ್ಳಲು ಭಾಷೆಯನ್ನು ಬಿಟ್ಟಿತ್ತು. ಬ್ಯಾಂಡಿನ ಕೇಳುಗರು ಅರ್ಥ ಗೊತ್ತಿಲ್ಲದೆಯೂ ಭಾಷೆಯನ್ನು ಬಾಯಿಗೆ ತಂದುಕೊಂಡರು. ಆಲ್ಬಮ್ಮಿನ ಮೇಲೆ ಅಚ್ಚಾದದ್ದು ನಿಘಂಟಿನ ಕದ್ದೀಶಾ ಅಲ್ಲ, ಕೇರಳದ ಕಂದೀಸ. ಹಾಡು ಪುಸ್ತಕದಿಂದ ಬಂದದ್ದಲ್ಲ, ಹಾಡುವವರ ಬಾಯಿಂದ ಬಂದದ್ದು ಎಂಬುದಕ್ಕೆ ಆ ಅನುಸ್ವಾರವೇ ಸಾಕ್ಷಿ.